ಕುಟುಂಬದ ಆಹಾರ ಅಭದ್ರತೆ: ಆರ್ಥಿಕ ಸಂಕಷ್ಟದ ಮುನ್ಸೂಚನೆ

ಆಹಾರ ಅಭದ್ರತೆ ಎಂದರೆ ಉಪವಾಸ ಬೀಳುವುದು ಎಂಬ ಭಾವನೆ ಸಾರ್ವಜನಿಕರಲ್ಲಿದೆ. ಉಪವಾಸವು ಅದರ ಕೊನೆಯ ಹಂತ ಮಾತ್ರ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಇದನ್ನು ಅಳೆಯಲು 8 ಪ್ರಶ್ನೆಗಳನ್ನು ಬಳಸುತ್ತದೆ. ಹಣದ ಕೊರತೆಯಿಂದ ಊಟಕ್ಕೆ ಸಾಲದೆ ಹೋದೀತೆಂಬ ಚಿಂತೆ ಉಂಟಾಗಿತ್ತೇ ಎಂಬುದು ಮೊದಲನೆಯದು. ಇಡೀ ದಿನ ಊಟವಿಲ್ಲದೆ ಕಳೆಯಬೇಕಾಯಿತೇ ಎಂಬುದು ಕೊನೆಯದು.

ಇವೆರಡರ ನಡುವಿನ ಹಂತಗಳು ಹೊರಗಿನವರಿಗೆ ಕಾಣುವುದಿಲ್ಲ. ಕಾರಣವು ಕುಟುಂಬದ ಆಯವ್ಯಯದಲ್ಲಿಯೇ ಇದೆ. ಮನೆ ಬಾಡಿಗೆ, ಸಾಲದ ಕಂತು, ಶಾಲಾ ಶುಲ್ಕ, ವಿದ್ಯುತ್ ಬಿಲ್ಲು ಇವುಗಳಿಗೆ ಗಡುವಿದೆ, ತಪ್ಪಿದಲ್ಲಿ ಕೇಳುವವರಿದ್ದಾರೆ. ಅಡುಗೆಮನೆಯ ವೆಚ್ಚಕ್ಕೆ ಗಡುವಿಲ್ಲ. ಆದುದರಿಂದ ಆದಾಯ ಕುಸಿದ ಅನೇಕ ಮನೆಗಳಲ್ಲಿ ಕಂತು ತಪ್ಪುವುದಕ್ಕೆ ಮುನ್ನವೇ ಊಟ ಕಡಿತವಾಗುತ್ತದೆ. ಕಂತು ಸಕಾಲಕ್ಕೆ ಪಾವತಿಯಾಗುತ್ತಿದೆ ಎಂದ ಮಾತ್ರಕ್ಕೆ ಕುಟುಂಬವು ಸುಸ್ಥಿತಿಯಲ್ಲಿದೆ ಎಂದು ಭಾವಿಸುವುದು ಸರಿಯಲ್ಲ.

ಕಡಿತವು ಸಾಮಾನ್ಯವಾಗಿ ಹಾಲು, ಮೊಟ್ಟೆ, ಹಣ್ಣುಗಳಿಂದ ಆರಂಭವಾಗಿ ಬೇಳೆ, ತರಕಾರಿಗೆ ಬರುತ್ತದೆ. ಅನ್ನವು ಮೊದಲಿನಷ್ಟೇ ಇದ್ದು ಸಾರು ತೆಳುವಾಗುತ್ತದೆ. ತಿಂಗಳ ದಿನಸಿಯನ್ನು ಒಮ್ಮೆಗೇ ತರುತ್ತಿದ್ದವರು ದಿನದಿನದ ಚಿಲ್ಲರೆ ಖರೀದಿಗೆ ಇಳಿಯುತ್ತಾರೆ. ಅದೇ ಎಣ್ಣೆ, ಅದೇ ಸಕ್ಕರೆಗೆ ಹೆಚ್ಚು ಹಣ ತೆರುತ್ತಾರೆ. ಅಂಗಡಿಯ ಉದ್ರಿ ಬಾಕಿ ಬೆಳೆಯುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿಯ ಪಾಲು ಕಡಿಮೆಯಾಗುವುದಂತೂ ಯಾವ ಲೆಕ್ಕದಲ್ಲಿಯೂ ದಾಖಲಾಗುವುದಿಲ್ಲ.

2022-23ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳ ಬಳಕೆ ವೆಚ್ಚದಲ್ಲಿ ಸುಮಾರು ಶೇ. 46, ನಗರ ಕುಟುಂಬಗಳಲ್ಲಿ ಸುಮಾರು ಶೇ. 39 ಆಹಾರಕ್ಕೆ ಸಂದಿದೆ. ಹೀಗಿರುವಾಗ ಬೆಲೆ ಏರಿದರೆ, ಆದಾಯ ಕುಸಿಯದಿದ್ದರೂ ಸಂಕಷ್ಟ ತಪ್ಪದು. 2024ರ ಅಕ್ಟೋಬರ್‌ನಲ್ಲಿ ಆಹಾರ ಹಣದುಬ್ಬರವು ಶೇ. 10.87ಕ್ಕೆ, ತರಕಾರಿಯದು ಶೇ. 42ಕ್ಕೆ ತಲುಪಿತ್ತು.

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಅನ್ವಯ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ಮಾಹೆಯಾನ 5 ಕಿ.ಗ್ರಾಂ., ಅಂತ್ಯೋದಯ ಕುಟುಂಬಕ್ಕೆ 35 ಕಿ.ಗ್ರಾಂ. ಆಹಾರಧಾನ್ಯ ಪಡೆಯುವ ಹಕ್ಕಿದೆ. 2023ರ ಜನವರಿಯಿಂದ ಇದು ಉಚಿತವಾಗಿದೆ. ಕೆಲಸವರಸಿ ಊರು ಬಿಟ್ಟವರು ತಾವಿರುವಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಪಡಿತರ ಪಡೆಯಬಹುದು. ಆದರೆ ಧಾನ್ಯವು ಹೊಟ್ಟೆ ತುಂಬಿಸಬಲ್ಲದೇ ಹೊರತು ಕೈಬಿಟ್ಟ ಹಾಲು, ಬೇಳೆಯ ಸ್ಥಾನವನ್ನು ತುಂಬಲಾರದು. ಆದ್ದರಿಂದ ಶಾಲೆಯ ಬಿಸಿಯೂಟ ಮತ್ತು ಹಾಲು, ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ದೊರೆಯುವ ಊಟ ಇವುಗಳನ್ನು ಸಂಕೋಚದಿಂದ ಬಿಡಬಾರದು.

ಪಡಿತರ ಚೀಟಿಯನ್ನು ಸಾಲಕ್ಕೆ ಒತ್ತೆಯಾಗಿ ಯಾರಿಗೂ ನೀಡಬಾರದು. ಸಾಲ ವಸೂಲಿಗಾಗಿ ಬಲವಂತ, ಕಿರುಕುಳ ನಡೆಸುವುದನ್ನು ತಡೆಯಲು ರಾಜ್ಯದಲ್ಲಿ 2025ರಲ್ಲಿ ಕಾನೂನು ಜಾರಿಗೆ ಬಂದಿದ್ದು, ಅಂತಹ ಪ್ರಸಂಗಗಳಲ್ಲಿ ಸಮೀಪದ ಪೊಲೀಸ್ ಠಾಣೆಗೆ ದೂರು ನೀಡಬಹುದು. ಪಡಿತರ ಸಂಬಂಧಿತ ದೂರುಗಳಿಗೆ ತಾಲ್ಲೂಕು ಕಚೇರಿಯ ಆಹಾರ ಶಾಖೆಯನ್ನು ಅಥವಾ ಸಹಾಯವಾಣಿ 1967ನ್ನು ಸಂಪರ್ಕಿಸುವುದು.