ಉತ್ತರಧ್ರುವಪ್ರಭೆಯೂ ವಿಜಾಪುರದ ಸೂರ್ಯಗ್ರಹಣವೂ

ಉತ್ತರಧ್ರುವಪ್ರಭೆಯೆಂಬುದು ನಮ್ಮಲ್ಲಿ ದೂರದೇಶದ ಒಂದು ಸೋಜಿಗವೆಂದು ಹೇಳಿ ಮುಗಿಸಿಬಿಡುವ ವಿಷಯವಾಗಿದೆ. ಚಳಿಗಾಲದ ರಾತ್ರಿಗಳಲ್ಲಿ ನಾರ್ವೆ, ಸ್ವೀಡನ್, ಕೆನಡಾ ಮೊದಲಾದ ದೇಶಗಳ ಆಕಾಶದಲ್ಲಿ ಹಸುರು, ಕೆಂಪು, ನೇರಿಳೆ ಬಣ್ಣಗಳ ಬೆಳಕು ಗಾಳಿಗೆ ಸಿಕ್ಕ ತೆರೆಯಂತೆ ತೂಗಾಡುವುದೆಂದೂ, ಅದನ್ನು ನೋಡಲು ಜನರು ಮಾರ್ಗದರ್ಶಕರನ್ನು ಗೊತ್ತುಮಾಡಿಕೊಂಡು ಹೋಗುವರೆಂದೂ ಓದಿದ ವಿದ್ಯಾರ್ಥಿಯು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯವನಾದರೆ, ಇದಕ್ಕೂ ನಮ್ಮ ಎರೆನೆಲಕ್ಕೂ ಸಂಬಂಧವೇನೆಂದು ಕೇಳುವುದು ಸಹಜವೇ. ಸಂಬಂಧವುಂಟು. ಆ ಬೆಳಕಿನ ಮೂಲವನ್ನು ಅರಸುತ್ತ ಹೋದವರು ಕಡೆಗೆ ಸೂರ್ಯನ ಹೊರಗಣ ಪ್ರಭಾವಳಿಗೆ ಬಂದು ಮುಟ್ಟಿದರು; ಆ ಪ್ರಭಾವಳಿಯು ೧೮೬೮ರಲ್ಲಿ ಈ ನಾಲ್ಕೂ ತಾಲೂಕುಗಳ ನೆತ್ತಿಯ ಮೇಲೆ ಬರಿಗಣ್ಣಿಗೆ ತೋರಿತು. ಈ ಎರಡು ಬೆಳಕುಗಳ ಕಥೆಯನ್ನು ಒಟ್ಟಿಗೆ ಹೇಳಿದಲ್ಲದೆ ಯಾವುದೊಂದೂ ಸರಿಯಾಗಿ ತಿಳಿಯುವುದಿಲ್ಲವೆಂದು ನಮಗೆ ತೋರುತ್ತದೆ.

ಮೊದಲು ಹೆಸರಿನ ವಿಚಾರ. ಐರೋಪ್ಯರು ಈ ಬೆಳಕಿಗೆ ಇಟ್ಟಿರುವ ‘ಅರೋರಾ’ ಎಂಬ ಹೆಸರು ರೋಮನರ ಉಷೋದೇವಿಯದು. ಪೂರ್ಣನಾಮದ ಅರ್ಥ ‘ಉತ್ತರದ ಉಷಸ್ಸು’ ಎಂದಾಗುತ್ತದೆ. ಬಂಗಾಳಿಯವರು ಮೇರುಪ್ರಭಾ ಎನ್ನುತ್ತಾರೆ. ಮೇರುವಿನಲ್ಲಿ ದೇವತೆಗಳಿಗೆ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿಯೆಂಬ ಸೂರ್ಯಸಿದ್ಧಾಂತದ ಮಾತನ್ನು ಬಲ್ಲವರಿಗೆ ಈ ಹೆಸರು ಹಿತವಾಗಿ ಕೇಳಿಸುವುದು. ಆದರೆ ‘ಉಷಸ್ಸು’ ಎಂಬುದರಿಂದ ಒಂದು ಗೊಂದಲಕ್ಕೆ ಎಡೆಯುಂಟು. ಲೋಕಮಾನ್ಯ ತಿಲಕರು ೧೯೦೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವೇದದ ಉಷಸ್ಸೂಕ್ತಗಳನ್ನು ಧ್ರುವಪ್ರದೇಶದ ದೀರ್ಘವಾದ ಪ್ರಾತಃಕಾಲದ ವರ್ಣನೆಯೆಂದು ವಾದಿಸಿದರು. ಆ ಸಿದ್ಧಾಂತವನ್ನು ವಿದ್ವಾಂಸರು ಒಪ್ಪಿಲ್ಲ. ಅದು ಹಾಗಿರಲಿ, ತಿಲಕರು ಹೇಳಿದ್ದು ಸೂರ್ಯೋದಯಕ್ಕೆ ಮುಂಚಿನ ಬೆಳಕನ್ನೇ ಹೊರತು ಧ್ರುವಪ್ರಭೆಯನ್ನಲ್ಲ. ಇವೆರಡನ್ನೂ ಒಂದೆಂದು ತರಗತಿಯಲ್ಲಿ ಹೇಳುವ ವಾಡಿಕೆಯನ್ನು ಬಿಡುವುದು ಲೇಸು.

‘ಧ್ರುವ’ ಎಂಬ ಮಾತೂ ಪೂರ್ತಿ ಸರಿಯಲ್ಲ. ಈ ಬೆಳಕು ಭೂಗೋಲದ ಧ್ರುವಬಿಂದುವಿನ ಮೇಲೆ ನಿಲ್ಲುವುದಿಲ್ಲ. ಭೂಮಿಯೆಂಬ ದೊಡ್ಡ ಅಯಸ್ಕಾಂತದ ಧ್ರುವವನ್ನು ಬಳಸಿ ಬಳೆಯಂತೆ ಹಬ್ಬಿರುತ್ತದೆ. ಆ ಅಯಸ್ಕಾಂತಧ್ರುವವು ಕೆನಡಾದ ಕಡೆಗೆ ವಾಲಿರುವುದರಿಂದ ೬೨ನೆಯ ಅಕ್ಷಾಂಶದಲ್ಲಿರುವ ಕೆನಡಾದ ಯೆಲ್ಲೊನೈಫ್ ಪಟ್ಟಣವೂ, ೬೯ ದಾಟಿದ ನಾರ್ವೆಯ ಟ್ರೊಮ್ಸೊ ಪಟ್ಟಣವೂ ಒಂದೇ ಬಳೆಯ ಕೆಳಗೆ ಬರುತ್ತವೆ. ಅದೇ ಲೆಕ್ಕದಲ್ಲಿ ವಿಜಾಪುರ ಸೀಮೆಯ ಭೌಗೋಲಿಕ ಅಕ್ಷಾಂಶ ಸುಮಾರು ೧೭ ಆದರೂ ಅಯಸ್ಕಾಂತದ ಅಕ್ಷಾಂಶ ಸುಮಾರು ೯ ಮಾತ್ರ. ನಾವು ನಕಾಶೆಯಲ್ಲಿ ಕಾಣುವುದಕ್ಕಿಂತಲೂ ಆ ಬಳೆಯಿಂದ ದೂರದಲ್ಲಿದ್ದೇವೆ.

ಚಳಿಗಾಲದ ಪ್ರವಾಸದ ವಿಷಯದಲ್ಲಿಯೂ ಒಂದು ಮಾತು. ಧ್ರುವಪ್ರಭೆಯನ್ನು ಹುಟ್ಟಿಸುವುದು ಚಳಿಯಲ್ಲ, ಹಿಮವಲ್ಲ. ಬೇಸಗೆಯಲ್ಲಿಯೂ ಅದು ಇದ್ದೇ ಇರುತ್ತದೆ. ಆದರೆ ಅಲ್ಲಿಯ ಬೇಸಗೆಯಲ್ಲಿ ರಾತ್ರಿಯೇ ಇಲ್ಲ. ಟ್ರೊಮ್ಸೊದಲ್ಲಿ ನವೆಂಬರದ ಕೊನೆಯಿಂದ ಜನವರಿಯ ನಡುವಿನವರೆಗೆ ಸೂರ್ಯನು ಉದಯಿಸುವುದೇ ಇಲ್ಲವಾದುದರಿಂದ ಕತ್ತಲೆಗೆ ಕೊರತೆಯಿಲ್ಲ. ಮಾರ್ಗದರ್ಶಕನ ಮುಖ್ಯ ಕೆಲಸವೂ ಬೆಳಕನ್ನು ತೋರಿಸುವುದಲ್ಲ, ಮೋಡವಿಲ್ಲದ ಕಡೆಯನ್ನು ಹುಡುಕುವುದು: ಕಡಲತೀರದಲ್ಲಿ ಮುಗಿಲು ಕವಿದಿದ್ದರೆ ಗುಡ್ಡಗಳನ್ನು ದಾಟಿ ಒಣಹವೆಯ ಒಳನಾಡಿನ ಕಡೆಗೆ ಕರೆದೊಯ್ಯುವನು. ಹೋದವರಿಗೆ ಮೊದಲು ಕಾಣುವುದು ಚಿತ್ರಗಳಲ್ಲಿರುವ ಹಸುರೂ ಅಲ್ಲ. ಮಂದವಾದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಗುರುತಿಸಲಾರದಾದುದರಿಂದ ತೆಳುವಾದ ಬೂದುಬಣ್ಣದ ಮೋಡವೊಂದು ಅಡ್ಡಲಾಗಿ ನಿಂತಂತೆ ಕಾಣುವುದು. ಪ್ರಭೆ ಬಲಿತಾಗಲೇ ಹಸುರು ಹೊರಡುವುದು.

ಈ ಹಸುರು ಯಾವ ವಸ್ತುವಿನದು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಬಗೆಯೇ ನಮ್ಮನ್ನು ವಿಜಾಪುರಕ್ಕೆ ತರುತ್ತದೆ. ಕಾದ ಅನಿಲವು ಹೊರಡಿಸುವ ಬೆಳಕನ್ನು ಪಟ್ಟಕದ ಮೂಲಕ ಹರಡಿದರೆ ಆಯಾ ವಸ್ತುವಿಗೆ ನಿಯತವಾದ ಬಣ್ಣದ ಗೆರೆಗಳು ಬಿಡಿಬಿಡಿಯಾಗಿ ತೋರುವುವು. ಕಾದ ಘನವಸ್ತುವಿನದಾದರೆ ಕಾಮನಬಿಲ್ಲಿನಂತೆ ಒಂದೇ ಹರಹು. ಹೀಗೆ ಬೆಳಕನ್ನು ಬಿಡಿಸಿ ಓದುವ ರೋಹಿತದರ್ಶಕವು ೧೮೫೯ರ ಸುಮಾರಿಗೆ ಬಳಕೆಗೆ ಬಂದಿತು. ಸ್ವೀಡನ್ನಿನ ಉಪ್ಸಾಲಾ ನಗರದ ಆಂಗ್‌ಸ್ಟ್ರಮ್ ಎಂಬ ಪಂಡಿತನು ೧೮೬೭-೬೮ರ ಚಳಿಗಾಲದಲ್ಲಿ ಈ ಉಪಕರಣವನ್ನು ಧ್ರುವಪ್ರಭೆಯ ಕಡೆಗೆ ತಿರುಗಿಸಿದಾಗ ಹಸುರಿನಲ್ಲಿ ಒಂದೇ ಒಂದು ಉಜ್ಜ್ವಲವಾದ ಗೆರೆ ಕಂಡಿತು. ಪ್ರಭೆಯು ಪ್ರತಿಫಲಿಸಿದ ಸೂರ್ಯಪ್ರಕಾಶವಲ್ಲ, ಉರಿಯುವ ಅನಿಲವೆಂಬುದು ಇದರಿಂದ ಸಿದ್ಧವಾಯಿತು. ಅನಿಲ ಯಾವುದೆಂಬುದು ಮಾತ್ರ ಉಳಿಯಿತು.

ಅದೇ ೧೮೬೮ರ ಆಗಸ್ಟ್ ೧೮ನೆಯ ತಾರೀಖು, ವಿಭವ ಸಂವತ್ಸರದ ಶ್ರಾವಣದ ಅಮಾವಾಸ್ಯೆ, ಮಂಗಳವಾರ ಬೆಳಗ್ಗೆ ಖಗ್ರಾಸ ಸೂರ್ಯಗ್ರಹಣವಾಯಿತು. ಚಂದ್ರನ ನೆರಳು ಪಶ್ಚಿಮ ಕರಾವಳಿಯಿಂದ ಹೊಕ್ಕು ಜಮಖಂಡಿ, ವಿಜಾಪುರ, ವನಪರ್ತಿ, ಗುಂಟೂರು, ಮಚಲೀಪಟ್ಟಣಗಳ ಮೇಲೆ ಹಾದು ಪೂರ್ವಸಮುದ್ರಕ್ಕೆ ಹೋಯಿತು. ಭೀಮೆಯ ದಂಡೆಯ ಇಂಡಿ-ಸಿಂದಗಿಗಳಿಂದ ಕೃಷ್ಣೆಯ ಬದಿಯ ಮುದ್ದೇಬಿಹಾಳದವರೆಗಿನ ನೆಲವೆಲ್ಲವೂ ಆ ನೆರಳಿನ ಪಟ್ಟಿಯೊಳಗಿತ್ತು. ಆಗ ಈ ಜಿಲ್ಲೆಗೆ ಕಲಾದಗಿ ಜಿಲ್ಲೆಯೆಂದು ಹೆಸರು. ಮುಖ್ಯಸ್ಥಳವು ವಿಜಾಪುರಕ್ಕೆ ಬಂದುದು ೧೮೮೫ರಲ್ಲಿ. ರೈಲು ಇನ್ನೂ ಬಂದಿರಲಿಲ್ಲ. ಸೂಕ್ಷ್ಮವಾದ ಗಾಜಿನ ಉಪಕರಣಗಳನ್ನು ಮಳೆಗಾಲದಲ್ಲಿ ಇಲ್ಲಿಗೆ ಸಾಗಿಸುವುದು ಎಂತಹ ಕೆಲಸವೆಂಬುದನ್ನು ಎರೆಯ ಕೆಸರನ್ನು ಬಲ್ಲವರಿಗೆ ವಿವರಿಸಬೇಕಾದುದಿಲ್ಲ.

ಜಮಖಂಡಿ ಸಂಸ್ಥಾನದಲ್ಲಿ ಬೀಡುಬಿಟ್ಟವನು ಲೆಫ್ಟೆನೆಂಟ್ ಜಾನ್ ಹರ್ಷಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲನ ಮೊಮ್ಮಗನಾದ ಈತನು ಹಿಂದುಸ್ಥಾನದ ಮಹಾತ್ರಿಕೋಣಮಾಪನ ಇಲಾಖೆಯವನು. ಲಂಡನ್ನಿನ ರಾಯಲ್ ಸೊಸೈಟಿಯು ಉಪಕರಣಗಳನ್ನು ಒದಗಿಸಿತ್ತು. ಗ್ರಹಣದ ಹೊತ್ತಿಗೆ ಮೋಡಗಳು ಓಡಾಡುತ್ತಿದ್ದುವು. ಒಂದು ಸಂದು ತೆರೆದ ಗಳಿಗೆಯಲ್ಲಿ ಸೂರ್ಯನ ಅಂಚಿನಲ್ಲಿ ಎದ್ದು ನಿಂತಿದ್ದ ಕೆಂಪು ಜ್ವಾಲೆಯೊಂದರ ಮೇಲೆ ಹರ್ಷಲನು ರೋಹಿತದರ್ಶಕವನ್ನು ನಿಲ್ಲಿಸಿದನು. ಕೆಂಪು, ಕಿತ್ತಳೆ, ನೀಲಿ, ಈ ಮೂರು ಗೆರೆಗಳು ಸ್ಪಷ್ಟವಾಗಿ ತೋರಿದುವು. ಜ್ವಾಲೆಗಳು ಉರಿಯುವ ಅನಿಲವೆಂಬುದಕ್ಕೆ ಇಷ್ಟೇ ಸಾಕು. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗನು ಕೈಯಲ್ಲಿ ಹಿಡಿಯುವ ಚಿಕ್ಕ ಉಪಕರಣದಿಂದಲೇ ಜ್ವಾಲೆಗಳ ಉಜ್ಜ್ವಲರೇಖೆಗಳನ್ನು ಕಂಡನು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ನನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗ್ರಹಣವಿಲ್ಲದ ಮರುದಿನವೂ ಈ ಗೆರೆಗಳನ್ನು ನೋಡಬಹುದೆಂದು ತೋರಿಸಿಕೊಟ್ಟನು. ಕೆಂಪು, ನೀಲಿ ಗೆರೆಗಳು ಜಲಜನಕದವು. ಕಿತ್ತಳೆಯದನ್ನು ಹಲವರು ಸೋಡಿಯಮಿನದೆಂದು ಮೊದಲು ಬಗೆದರು. ಅದೇ ವರ್ಷ ಅಕ್ಟೋಬರದಲ್ಲಿ ಇಂಗ್ಲೆಂಡಿನ ಲಾಕಿಯರನು ಅದರ ಸ್ಥಾನವು ಬೇರೆಯೆಂದು ಅಳೆದನು. ಹೀಲಿಯಂ ಎಂದು ಹೆಸರಾಂತ ಆ ವಸ್ತುವು ಭೂಮಿಯಲ್ಲಿ ದೊರಕಿದುದು ೧೮೯೫ರಲ್ಲಿ.

ಇಲ್ಲಿ ಒಂದು ಪ್ರಾಸಂಗಿಕವಾದ ಮಾತು. ಗ್ರಹಣವೆಂದರೆ ನಮ್ಮವರು ಮಿಂದು ದಾನಕೊಟ್ಟರಲ್ಲದೆ ಬೇರೇನನ್ನೂ ಮಾಡಲಿಲ್ಲವೆಂದು ಹಗುರವಾಗಿ ಆಡುವವರುಂಟು. ಇಂಡಿ ತಾಲೂಕಿನ ಸಾಲೋಟಗಿಯ ಶಾಸನವನ್ನು ಅವರು ನೋಡಬೇಕು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಗೆ, ನಾನಾದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗಾಗಿಯೂ ದೀಪಕ್ಕಾಗಿಯೂ ಭೂಮಿಯನ್ನು ಬಿಟ್ಟುದು ಶಕ ೮೬೭ರ ಭಾದ್ರಪದದ ಅಮಾವಾಸ್ಯೆ, ಮಂಗಳವಾರ, ಸೂರ್ಯಗ್ರಹಣದಲ್ಲಿ. ಗಣಿತದಿಂದ ಅದು ಕ್ರಿ. ಶ. ೯೪೫ರ ಸೆಪ್ಟೆಂಬರ್ ೯ಕ್ಕೆ ಸರಿಹೊಂದುತ್ತದೆ. ಗ್ರಹಣದ ಉಲ್ಲೇಖವಿರುವುದರಿಂದಲೇ ತಾರೀಖನ್ನು ಇಷ್ಟು ದೃಢವಾಗಿ ಹೇಳಲು ಬರುತ್ತದೆಂಬುದು ಶಾಸನಗಳನ್ನು ಓದುವವರಿಗೆ ಹೊಸದಲ್ಲ.

ಇನ್ನು ಪ್ರಭಾವಳಿ. ಸೂರ್ಯನು ಪೂರ್ತಿ ಮರೆಯಾದ ಆ ಐದಾರು ನಿಮಿಷಗಳಲ್ಲಿ ಚಂದ್ರನ ಕರಿಯ ಬಿಂಬದ ಸುತ್ತಲೂ ಮುತ್ತಿನ ಬಣ್ಣದ ಬೆಳಕು ಹರಡಿ ನಿಲ್ಲುತ್ತದೆ. ಇದಕ್ಕೆ ‘ಕಿರೀಟ’ವೆಂದು ಇಂಗ್ಲಿಷಿನ ಮಾತನ್ನು ಹಾಗೆಯೇ ತಿರುಗಿಸುವವರುಂಟು, ಕಿರೀಟವು ತಲೆಯ ಮೇಲಿರತಕ್ಕದ್ದು, ಇದು ಸುತ್ತಲೂ ಇರುವುದು. ನಮ್ಮ ದೇವಮೂರ್ತಿಗಳ ಹಿಂದೆ ಬಳಸಿ ನಿಲ್ಲುವ ಪ್ರಭಾವಳಿಯ ಹೆಸರೇ ಇದಕ್ಕೆ ಒಪ್ಪುವುದೆಂಬುದು ನಮ್ಮ ಅಭಿಪ್ರಾಯ. ಇದರ ಬೆಳಕು ಒಂದು ದಿಕ್ಕಿಗೆ ಅಣಿಗೊಂಡ ಧ್ರುವೀಕೃತಪ್ರಕಾಶವೆಂದು ಜಮಖಂಡಿಯಲ್ಲಿ ಹರ್ಷಲನ ಜೊತೆಯವನಾದ ಲೆಫ್ಟೆನೆಂಟ್ ಕ್ಯಾಂಬೆಲ್ಲನು ಪರೀಕ್ಷಿಸಿ ಹೇಳಿದನು. ಎಂದರೆ ಅದರಲ್ಲಿ ಬಹುಭಾಗವು ಸೂರ್ಯನ ಬೆಳಕೇ, ಅಲ್ಲಿಯ ಕಣಗಳಿಂದ ಚದರಿ ಬರುವುದು. ಮರುವರ್ಷ, ೧೮೬೯ರ ಆಗಸ್ಟ್ ೭ರಂದು, ಅಮೆರಿಕೆಯಲ್ಲಿ ಆದ ಗ್ರಹಣದಲ್ಲಿ ಯಂಗ್, ಹಾರ್ಕ್‌ನೆಸ್ ಎಂಬಿಬ್ಬರು ಪ್ರಭಾವಳಿಯ ರೋಹಿತದಲ್ಲಿ ಹಸುರು ಗೆರೆಯೊಂದನ್ನು ಕಂಡರು. ಇಲ್ಲಿ ಎರಡು ಕಥೆಗಳೂ ಒಂದನ್ನೊಂದು ತಾಕುತ್ತವೆ: ಇದು ಉಪ್ಸಾಲಾದಲ್ಲಿ ಕಂಡ ಧ್ರುವಪ್ರಭೆಯ ಗೆರೆಯೇ ಇರಬಹುದೆಂದೂ, ಸೂರ್ಯನ ಸುತ್ತ ಇರುವುದು ಎಂದೆಂದೂ ಆರದ ಒಂದು ಧ್ರುವಪ್ರಭೆಯೆಂದೂ ಯಂಗನು ಊಹಿಸಿದನು. ೧೮೭೧ರ ಡಿಸೆಂಬರ್ ೧೨ರಂದು ಲಾಕಿಯರನು ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ, ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಬೇಕಲದ ಕೋಟೆಗೆ ಬಂದು ಬೀಡುಬಿಟ್ಟುದು ಈ ಪ್ರಭಾವಳಿಯನ್ನು ಪರೀಕ್ಷಿಸಲೆಂದೇ. ಅದು ಚಳಿಗಾಲ, ಶ್ರಾವಣದ ಮೋಡಗಳ ಕಾಟವಿರಲಿಲ್ಲ.

ಊಹೆ ನಿಲ್ಲಲಿಲ್ಲ. ಸರಿಯಾಗಿ ಅಳೆದಾಗ ಒಂದು ಗೆರೆ ೫೫೭೭ ಆಂಗ್‌ಸ್ಟ್ರಮ್, ಇನ್ನೊಂದು ೫೩೦೩. ಆದರೂ ಎರಡೂ ಸಮನಾಗಿ ಪಂಡಿತರನ್ನು ಕಾಡಿದುವು. ಪ್ರಯೋಗಶಾಲೆಯ ಯಾವ ವಸ್ತುವೂ ಆ ಗೆರೆಗಳನ್ನು ಕೊಡಲಿಲ್ಲ. ಧ್ರುವಪ್ರಭೆಯದು ಆಮ್ಲಜನಕದ ಗೆರೆಯೆಂದು ೧೯೨೫ರಲ್ಲಿ ಮ್ಯಾಕ್‌ಲೆನ್ನನ್ ಮತ್ತು ಶ್ರಮ್ ತೋರಿಸಿದರು. ಪೆಟ್ಟುತಿಂದ ಆಮ್ಲಜನಕದ ಪರಮಾಣುವು ಈ ಹಸುರನ್ನು ಬಿಡಲು ಮುಕ್ಕಾಲು ಸೆಕೆಂಡಿನಷ್ಟು ಕಾಯಬೇಕು, ಕೆಂಪನ್ನು ಬಿಡಲು ಸುಮಾರು ಎರಡು ನಿಮಿಷ. ನೆಲದ ಮೇಲಿನ ದಟ್ಟವಾದ ಗಾಳಿಯಲ್ಲಿ ಅಷ್ಟರೊಳಗೆ ಅದು ಎಷ್ಟೋ ಸಲ ಇತರ ಕಣಗಳಿಗೆ ಢಿಕ್ಕಿ ಹೊಡೆದು ತನ್ನ ಶಕ್ತಿಯನ್ನು ಕಳೆದುಕೊಂಡುಬಿಡುವುದು. ಆದುದರಿಂದಲೇ ಹಸುರು ೬೦ ಮೈಲಿಗಿಂತ ಮೇಲೆ, ಕೆಂಪು ೧೨೫ ಮೈಲಿಗಿಂತಲೂ ಮೇಲೆ. ಈ ಎತ್ತರಗಳನ್ನು ನಾರ್ವೆಯ ಸ್ಟರ್ಮರನು ಎರಡು ಠಾಣೆಗಳಿಂದ ಒಂದೇ ಗಳಿಗೆಯಲ್ಲಿ ತೆಗೆದ ಚಿತ್ರಗಳಿಂದ, ಹರ್ಷಲನ ಇಲಾಖೆಯವರು ಬೆಟ್ಟಗಳನ್ನು ಅಳೆಯುತ್ತಿದ್ದ ತ್ರಿಕೋಣದ ಲೆಕ್ಕದಿಂದಲೇ, ಗೊತ್ತುಮಾಡಿದನು.

ಪ್ರಭಾವಳಿಯ ಗೆರೆಯನ್ನು ಬಿಡಿಸಿದುದು ಮತ್ತೆ ಉಪ್ಸಾಲಾದಲ್ಲಿಯೇ. ಅದು ಹೊಸ ವಸ್ತುವಲ್ಲ, ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣವೆಂದು ೧೯೪೧ರ ಸುಮಾರಿಗೆ ಎಡ್ಲೆನ್ ಸಿದ್ಧಪಡಿಸಿದನು. ಕಬ್ಬಿಣವನ್ನು ಹೀಗೆ ಸುಲಿಯಬೇಕಾದರೆ ಅಲ್ಲಿಯ ಉಷ್ಣತೆ ಹತ್ತು ಲಕ್ಷ ಡಿಗ್ರಿಗೂ ಮಿಕ್ಕಿರಬೇಕು. ಅಷ್ಟು ಕಾದ ಅನಿಲವನ್ನು ಸೂರ್ಯನು ಹಿಡಿದಿಟ್ಟುಕೊಳ್ಳಲಾರನು. ಅದು ಎಡೆಬಿಡದೆ ಹೊರಕ್ಕೆ ಬೀಸುತ್ತಿರಬೇಕೆಂದು ೧೯೫೮ರಲ್ಲಿ ಪಾರ್ಕರನು ತರ್ಕಿಸಿದನು, ಮುಂದೆ ಆಕಾಶನೌಕೆಗಳು ಅದನ್ನು ಕಂಡುವು. ಈ ಸೌರಮಾರುತವೇ ಧ್ರುವಪ್ರಭೆಯ ಬೀಜ. ಸೂರ್ಯನ ಕಣಗಳು ನೇರವಾಗಿ ಧ್ರುವದೊಳಕ್ಕೆ ಸುರಿಯುವುವೆಂದು ಎಷ್ಟೋ ಪುಸ್ತಕಗಳಲ್ಲಿ ಬರೆದಿರುವುದು ತಪ್ಪು. ಮಾರುತವು ಭೂಮಿಯ ಅಯಸ್ಕಾಂತಕ್ಷೇತ್ರವನ್ನು ಒತ್ತಿ, ರಾತ್ರಿಯ ಕಡೆಗೆ ಉದ್ದವಾದ ಬಾಲದಂತೆ ಎಳೆಯುತ್ತದೆ. ಅಲ್ಲಿ ಕೂಡಿದ ಶಕ್ತಿಯು ಆಗಾಗ ಒಮ್ಮೆಗೇ ಬಿಡುಗಡೆಯಾದಾಗ ಎಲೆಕ್ಟ್ರಾನುಗಳು ಬಲರೇಖೆಗಳನ್ನು ಹಿಡಿದು ಕೆಳಗಿಳಿದು ಗಾಳಿಯನ್ನು ಬಡಿಯುತ್ತವೆ.

ಸೂರ್ಯನ ಕ್ಷೋಭೆ ಹೆಚ್ಚಾದಾಗ ಬಳೆಯು ದಕ್ಷಿಣಕ್ಕೆ ಹಿಗ್ಗುತ್ತದೆ. ೧೮೫೯ರ ಸೆಪ್ಟೆಂಬರಿನ ಮಹಾಕ್ಷೋಭೆಯನ್ನು ಮುಂಬಯಿಯ ಕೊಲಾಬಾ ವೇಧಶಾಲೆಯ ಅಯಸ್ಕಾಂತಗಳು ದಾಖಲು ಮಾಡಿವೆ. ೧೮೭೨ರ ಫೆಬ್ರವರಿ ೪ರ ರಾತ್ರಿ ಮುಂಬಯಿಯಲ್ಲಿಯೇ ಧ್ರುವಪ್ರಭೆ ತೋರಿತೆಂದು ಅಲ್ಲಿಯ ವೃತ್ತಪತ್ರಿಕೆ ವರದಿ ಮಾಡಿತು. ೨೦೨೪ರ ಮೇ ೧೦-೧೧ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಬಾನಂಚು ಕೆಂಪಾದುದು ಚಿತ್ರಗಳಲ್ಲಿ ಉಳಿದಿದೆ. ಕೆಂಪೇ ಏಕೆ? ೧೮೦ ಮೈಲಿ ಎತ್ತರದ ಬೆಳಕು ೧೨೦೦ ಮೈಲಿಯಾಚೆಗೂ ಕಾಣಬಲ್ಲುದು. ಅದರ ಕೆಳಗಿನ ಹಸುರು ಭೂಮಿಯ ಬಾಗಿನಲ್ಲಿ ಮರೆಯಾಗುತ್ತದೆ. ದೂರದ ತೇರಿನ ಕಳಸ ಮಾತ್ರ ಕಂಡಂತೆ.

ಹಾನ್ಲೆಯ ವೇಧಶಾಲೆಯನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ. ಅಲ್ಲಿಯ ದೊಡ್ಡ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ತಿರುಗಿಸುತ್ತಾರೆ. ೨೦೨೩ರ ಸೆಪ್ಟೆಂಬರ್ ೨ರಂದು ಹಾರಿಸಿದ ಆದಿತ್ಯ-ಎಲ್೧ ನೌಕೆಯಲ್ಲಿ, ಸೂರ್ಯಬಿಂಬವನ್ನು ಮರೆಮಾಡಿ ಕೃತಕವಾದ ಗ್ರಹಣವನ್ನು ಮಾಡಿಕೊಂಡು ಪ್ರಭಾವಳಿಯನ್ನು ನೋಡುವ ಉಪಕರಣವು ಸಿದ್ಧವಾದುದೂ ಹೊಸಕೋಟೆಯಲ್ಲಿಯೇ. ಅದು ಆರಿಸಿಕೊಂಡಿರುವ ಗೆರೆಗಳಲ್ಲಿ ೫೩೦೩ ಒಂದು. ಬರಿಗಣ್ಣಿನಿಂದ ನೋಡುವವರಿಗೆ ಮಾತ್ರ ಚಂದ್ರನೇ ಬೇಕು. ೧೯೮೦ರ ಫೆಬ್ರವರಿ ೧೬ರಂದು ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದ ನೆರಳು ಕರ್ನಾಟಕಕ್ಕೆ ಪ್ರಭಾವಳಿಯನ್ನು ಮತ್ತೆ ತೋರಿಸಿತು. ಭಾರತದ ನೆಲದಲ್ಲಿ ಮುಂದಿನ ಖಗ್ರಾಸವು ೨೦೩೪ರ ಮಾರ್ಚ್ ೨೦ರಂದು, ಕಾಶ್ಮೀರ-ಲಡಾಖುಗಳ ಉತ್ತರಭಾಗದಲ್ಲಿ.