ನಡುಗಡ್ಡೆಯ ರೈತರೂ ಹರಿಗೋಲಿನ ಲೆಕ್ಕವೂ

ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ ಕೃಷ್ಣಾ ನದಿಯ ನಡುಗಡ್ಡೆಗಳು. ಅಲ್ಲಿನ ರೈತರ ಬೀಜ, ಗೊಬ್ಬರ, ಫಸಲು ದಶಕಗಳ ಕಾಲ ನದಿ ದಾಟಿದ್ದು ಹರಿಗೋಲಿನಲ್ಲಿ. ನಮ್ಮ ಕಾವೇರಿ ಕಡೆಯವರು ಇದನ್ನು ತೆಪ್ಪವೆಂದೇ ಬಲ್ಲರು.

ಬಿದಿರಿನ ಹೆಣಿಗೆ, ಅದಕ್ಕೆ ಹಿಂದೆ ಚರ್ಮದ ಹೊದಿಕೆ, ಈಗ ಟಾರು ಬಳಿದ ಪ್ಲಾಸ್ಟಿಕ್ ಹಾಳೆ. ತಳದ ವ್ಯಾಸ 2 ಮೀಟರ್ ಎಂದುಕೊಳ್ಳಿ. ವಿಸ್ತೀರ್ಣ ಸುಮಾರು 3.14 ಚದರ ಮೀಟರ್. 1 ಸೆಂಟಿಮೀಟರ್ ಮುಳುಗಿದರೆ 31 ಲೀಟರ್ ನೀರು ಸರಿಯುತ್ತದೆ. ಆರ್ಕಿಮಿಡೀಸ್ ತತ್ತ್ವದಂತೆ 31 ಕಿಲೋಗ್ರಾಂ ಹೊರೆಗೆ ಅಷ್ಟು ಸಾಕು. 50 ಕಿಲೋಗ್ರಾಂನ ಆರು ಚೀಲ ಗೊಬ್ಬರ ಹೇರಿದರೂ ಹೆಚ್ಚಾಗಿ ಮುಳುಗುವುದು ಸುಮಾರು 10 ಸೆಂಟಿಮೀಟರ್ ಮಾತ್ರ! ಬಂಡೆಗಳ ನಡುವಿನ ಆಳವಿಲ್ಲದ ನೀರಿಗೆ ಇದಕ್ಕಿಂತ ತಕ್ಕ ದೋಣಿ ನನಗಂತೂ ತಿಳಿಯದು.

ತೊಡಕಿರುವುದು ಹರಿವಿನಲ್ಲಿ. ಹುಟ್ಟು ಹಾಕಿ ಸೆಕೆಂಡಿಗೆ ಅರ್ಧ ಮೀಟರ್ ಅಡ್ಡಕ್ಕೆ ಸಾಗಬಹುದೆನ್ನಿ. 200 ಮೀಟರ್ ಅಗಲದ ಕವಲು ದಾಟಲು 400 ಸೆಕೆಂಡು ಬೇಕು. ನೀರಿನ ವೇಗ ಸೆಕೆಂಡಿಗೆ 2 ಮೀಟರ್ ಆದರೆ ಅಷ್ಟರಲ್ಲಿ ಹರಿಗೋಲು 800 ಮೀಟರ್ ಕೆಳಕ್ಕೆ ಕೊಚ್ಚಿಹೋಗಿರುತ್ತದೆ. ದಾರಿಯಲ್ಲಿ ಬಂಡೆಗಳಿರುವುದನ್ನು ಮರೆಯಬೇಡಿ. 2019ರ ಆಗಸ್ಟ್‌ನಲ್ಲಿ ನಾರಾಯಣಪುರ ಜಲಾಶಯದಿಂದ ಭಾರಿ ಪ್ರಮಾಣದಲ್ಲಿ ನೀರು ಬಿಟ್ಟಾಗ ಈ ನಡುಗಡ್ಡೆಗಳ ಹೊರಸಂಪರ್ಕವೇ ಕಡಿದಿತ್ತು.