ಹಳೇ ಕುರ್ಚಿ ಗುಜರಿಗೆ ಹಾಕೋ ಮುಂಚೆ...

ಹಳೇ ಹೆಂಚಿನ ಮನೆ ಕೆಡವಿ ಫ್ಲ್ಯಾಟ್ ಕಟ್ಟಿಸುವುದು ಮಂಗಳೂರಿನಲ್ಲಿ ಈಗ ಮಾಮೂಲು. ಪಾತ್ರೆಪಗಡೆ, ದೇವರ ಮಂಟಪ ಹೊಸ ಮನೆಗೆ ಬರುತ್ತವೆ. ಚಾವಡಿಯ ಕುರ್ಚಿಗಳು ಮಾತ್ರ ಗುಜರಿ ಗಾಡಿ ಹತ್ತುತ್ತವೆ. ಕೊಡುವ ಮುಂಚೆ ಒಮ್ಮೆ ತಲೆಕೆಳಗು ಮಾಡಿ ನೋಡಿ ಅಂತೀನಿ.

ದುಂಡಗಿನ ಬೆತ್ತದ ಸೀಟು, ತೆಳು ಕಾಲು, ಬಿಲ್ಲಿನಂತೆ ಬಾಗಿದ ಬೆನ್ನು ಇದೆಯೇ? ಹಾಗಿದ್ದರೆ ಅದು ಬೆಂಟ್‌ವುಡ್, ಅಂದರೆ ಬಾಗಿಸಿದ ಮರದ ಕುರ್ಚಿ ಇರಬಹುದು. ಜರ್ಮನಿಯಲ್ಲಿ ಹುಟ್ಟಿ ವಿಯೆನ್ನಾದಲ್ಲಿ ನೆಲೆಸಿದ ಮೈಕೆಲ್ ಥೋನೆಟ್ ಎಂಬವರು ಇದನ್ನು ಕಾರ್ಖಾನೆಯಲ್ಲಿ ಮಾಡಿ ಲೋಕಕ್ಕೆಲ್ಲ ಹಂಚಿದರು. ಬೀಚ್ ಮರದ ಕೋಲನ್ನು ಹಬೆಯಲ್ಲಿ ಬೇಯಿಸಿ (ನಾವು ಮೂಡೆ ಬೇಯಿಸಿದ ಹಾಗೇ!), ಮೆತ್ತಗಾದಾಗ ಕಬ್ಬಿಣದ ಅಚ್ಚಿಗೆ ಬಾಗಿಸಿ ಒಣಗಿಸುತ್ತಿದ್ದರು. ಹೊರಮೈ ಸೀಳದಂತೆ ಲೋಹದ ಪಟ್ಟಿ ಕಟ್ಟುತ್ತಿದ್ದದ್ದೇ ಗುಟ್ಟು. 1859ರ ಅವರ 14ನೇ ನಂಬರಿನ ಕುರ್ಚಿಗೆ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ ಸಾಕಾಗಿತ್ತು. ಬಿಡಿಸಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ! ಮುಂಬೈಯ ಇರಾನಿ ಹೋಟೆಲಲ್ಲಿ ಚಹಾ ಕುಡಿದಿದ್ದರೆ ನೀವೂ ಇಂಥದ್ದರಲ್ಲಿ ಕೂತಿರಬಹುದು.

ಗುಜರಿ ಅಂದಾಗ ಚಂಡೀಗಢದ ಕಥೆ ನೆನಪಿಡಿ. 1950ರ ದಶಕದಲ್ಲಿ ಅಲ್ಲಿನ ಕಚೇರಿಗಳಿಗೆ ಪಿಯರ್ ಜೀನರೆ ರೂಪಿಸಿದ ತೇಗ-ಬೆತ್ತದ ಕುರ್ಚಿಗಳು ಮೂರು ಕಾಸಿಗೆ ಹರಾಜಾದವು. ಆಮೇಲೆ ವಿದೇಶಗಳಲ್ಲಿ ಅವಕ್ಕೆ ಲಕ್ಷಗಟ್ಟಲೆ ಬೆಲೆ ಬಂತು.

ಗುರುತಿಸೋದು ಹೇಗೆ?

* ಬೆನ್ನಿನ ಬಾಗನ್ನು ನೋಡಿ. ಒಂದು ಹಿಂಗಾಲಿನಿಂದ ಇನ್ನೊಂದರವರೆಗೆ ಜೋಡಣೆಯಿಲ್ಲದೆ, ಮರದ ಎಳೆ ಬಾಗಿನ ಜೊತೆಗೇ ಸಾಗಿದ್ದರೆ ಅದು ಬಾಗಿಸಿದ ಮರ.

* ಸೀಟಿನ ಚೌಕಟ್ಟಿನ ಒಳಮೈಯಲ್ಲಿ ಥೋನೆಟ್, ಕೋನ್ ಮುಂತಾದ ಮುದ್ರೆ ಹುಡುಕಿ. ಇಲ್ಲದಿದ್ದರೂ ಬೇಸರ ಬೇಡ. ಥೋನೆಟರ ಪೇಟೆಂಟ್ 1869ರಲ್ಲಿ ಮುಗಿದ ಮೇಲೆ ಹಲವು ಕಾರ್ಖಾನೆಗಳು ಇದನ್ನೇ ಮಾಡಿದವು.

ಆರೈಕೆ ಹೀಗಿರಲಿ

* ಅಲುಗಾಡಿದರೆ ಸ್ಕ್ರೂ ಬಿಗಿ ಮಾಡಿ. ಮೊಳೆ ಹೊಡೆಸಿದರೆ ಮರ ಸೀಳೀತು.

* ಬೆತ್ತ ಹರಿಯದೆ ಬರೇ ಜೋತುಬಿದ್ದಿದ್ದರೆ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸೀಟಿನ ಅಡಿಭಾಗಕ್ಕೆ ಒತ್ತಿ, ರಾತ್ರಿಯಿಡೀ ಒಣಗಲು ಬಿಡಿ. ಬಿಗಿಯಾಗುತ್ತದೆ. ಹರಿದಿದ್ದರೆ ಬೆತ್ತ ಹೆಣೆಯುವವರಿಗೆ ಕೊಡಿ. ಪ್ಲೈವುಡ್ ಹೊಡೆಸಬೇಡಿ.

* ಮಳೆಗಾಲದಲ್ಲಿ ಗೋಡೆಗೆ ತಾಗಿಸದೆ ಗಾಳಿಯಾಡುವಲ್ಲಿಡಿ. ಬೂಷ್ಟು ಬಂದರೆ ಒಣಬಟ್ಟೆಯಲ್ಲಿ ಒರೆಸಿ.

* ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಮರಕ್ಕೆ ಹುಳ ಹಿಡಿದಿದೆ ಎಂದರ್ಥ. ಬೇರೆ ಸಾಮಾನಿನಿಂದ ದೂರವಿಟ್ಟು ಔಷಧ ಹೊಡೆಸಿ.

* ಎನಾಮಲ್ ಪೇಂಟ್ ಬಳಿಸಬೇಡಿ. ಮರದ ಎಳೆ, ಹಳೇ ಮುದ್ರೆ ಎರಡೂ ಮುಚ್ಚಿಹೋಗುತ್ತವೆ.

ಈ ಕುರ್ಚಿ ಹಗುರ, ಫ್ಲ್ಯಾಟಿನ ಪುಟ್ಟ ಹಾಲಿಗೆ ಹೇಳಿ ಮಾಡಿಸಿದಂತಿರುತ್ತದೆ. ಜಾಗವೇ ಇಲ್ಲ ಅಂತಾದರೆ ಬೇಕಾದ ನೆಂಟರಿಗೆ ಕೊಡಿ. ಕಿಲೋ ಲೆಕ್ಕದಲ್ಲಿ ಮಾತ್ರ ತೂಗಬೇಡಿ!